ಗಡಿಕಲ್ಲು, ಕಾಲುವೆ ಮತ್ತು ಅರಸೊತ್ತಿಗೆ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ವಿಶೇಷ ಉಪನ್ಯಾಸದ ಬರಹ ರೂಪ)



ನೈಲ್, ಸಿಂಧೂ, ಹ್ವಾಂಗ್‌ಹೋ, ಟೈಗ್ರಿಸ್–ಯೂಫ್ರೆಟಿಸ್ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆದವರು ನಾವೆಲ್ಲ. ಅದರಲ್ಲಿ ಕೊನೆಯ ಜೋಡಿ ನದಿಗಳ ಕಥೆಯನ್ನು ಇಂದು ಆರಿಸಿಕೊಂಡಿದ್ದೇನೆ. ಅದು ರಾಜರ ಕಥೆಯೇ ಹೌದು. ಆದರೆ ಅದರ ಬುಡದಲ್ಲಿರುವುದು ಹೊಲದ ಬದು ಮತ್ತು ಕಾಲುವೆಯ ನೀರು. ಹಾಗಾಗಿ ಇದು ನಮ್ಮ ಊರಿನವರಿಗೆ ಬೇಗ ಅರ್ಥವಾಗುವ ಇತಿಹಾಸ.

ಇಂದಿನ ಇರಾಕ್ ದೇಶದ ದಕ್ಷಿಣ ಭಾಗಕ್ಕೆ ಆಗ ಸುಮೇರ್ ಎಂದು ಹೆಸರು. ಮಳೆ ಬಹಳ ಕಡಿಮೆ. ನದಿಯಿಂದ ಕಾಲುವೆ ತೆಗೆದರೆ ಬಾರ್ಲಿ, ಖರ್ಜೂರ. ಇಲ್ಲದಿದ್ದರೆ ಬರಿ ಧೂಳು. ಕಾಲುವೆ ತೋಡುವುದು, ಹೂಳೆತ್ತುವುದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ನೂರಾರು ಜನ ಸೇರಬೇಕು, ಅವರಿಗೆ ಕಾಳು ಅಳೆದು ಕೊಡಬೇಕು, ಲೆಕ್ಕ ಇಡಬೇಕು. ಕ್ರಿ.ಪೂ. 3200ರ ಸುಮಾರಿಗೆ ಉರುಕ್ ನಗರದಲ್ಲಿ ಹುಟ್ಟಿದ ಬರವಣಿಗೆ ಮೊದಲು ಬರೆದದ್ದು ಕಾವ್ಯವನ್ನಲ್ಲ. ಧಾನ್ಯದ, ಕುರಿಗಳ ಲೆಕ್ಕವನ್ನು.

ಒಂದೊಂದು ನಗರವೂ ಒಂದೊಂದು ರಾಜ್ಯ, ಒಂದೊಂದಕ್ಕೂ ಒಬ್ಬ ದೇವರು. ಭೂಮಿ ದೇವರದು, ಅರಸ ಅದನ್ನು ನೋಡಿಕೊಳ್ಳುವವನು ಎಂಬುದು ಅವರ ನಂಬಿಕೆ. ಇಂಥ ಅರಸನನ್ನು ‘ಎನ್ಸಿ’ ಎನ್ನುತ್ತಿದ್ದರು. ‘ಲುಗಲ್’ ಎಂಬ ಇನ್ನೊಂದು ಪದವಿತ್ತು. ಅದರ ಅರ್ಥ ‘ದೊಡ್ಡ ಮನುಷ್ಯ’ ಎಂದು. ನಮ್ಮ ಹಳ್ಳಿಗಳಲ್ಲೂ ‘ದೊಡ್ಡೋರು’ ಅನ್ನುತ್ತೇವಲ್ಲ, ಹಾಗೆ.

ಲಗಾಶ್ ಮತ್ತು ಉಮ್ಮಾ ಎಂಬ ಎರಡು ನೆರೆಯ ರಾಜ್ಯಗಳು. ಉಮ್ಮಾ ಮೇಲ್ಗಡೆ, ಲಗಾಶ್ ಕೆಳಗಡೆ. ನಡುವೆ ಗುಎದೆನ್ನಾ ಎಂಬ ಫಲವತ್ತಾದ ಬಯಲು. ಇದು ಯಾರದು ಎಂಬ ಜಗಳವನ್ನು ಕಿಶ್ ನಗರದ ದೊರೆ ಮೆಸಿಲಿಮ್ ಹಗ್ಗ ಹಿಡಿದು ಅಳೆಸಿ, ಗಡಿಕಲ್ಲು ನೆಡಿಸಿ ತೀರ್ಮಾನಿಸಿದ್ದ. ಮುಂದೆ ಉಮ್ಮಾದ ಅರಸನೊಬ್ಬ ಆ ಕಲ್ಲನ್ನು ಕಿತ್ತ. ಅಲ್ಲಿಂದ ಸುಮಾರು 150 ವರ್ಷ ಯುದ್ಧದ ಮೇಲೆ ಯುದ್ಧ.

ಕ್ರಿ.ಪೂ. 2450ರ ಸುಮಾರಿಗೆ ಲಗಾಶಿನ ಎಅನ್ನಾತುಮ್ ಉಮ್ಮಾವನ್ನು ಸೋಲಿಸಿ ಕಲ್ಲಿನಲ್ಲಿ ಚಿತ್ರ ಕೆತ್ತಿಸಿದ. ‘ರಣಹದ್ದುಗಳ ಶಿಲೆ’ ಎಂದು ಇಂದು ಅದಕ್ಕೆ ಹೆಸರು. ತೆಲ್ಲೋ ಎಂಬಲ್ಲಿ ಸಿಕ್ಕ ಅದರ ತುಂಡುಗಳು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿವೆ. ಶಿರಸ್ತ್ರಾಣ ತೊಟ್ಟ ಸೈನಿಕರು ಗುರಾಣಿಗೆ ಗುರಾಣಿ ತಾಗಿಸಿ, ಭರ್ಜಿ ಮುಂದೆ ಚಾಚಿ, ಸತ್ತವರನ್ನು ತುಳಿದು ನಡೆಯುತ್ತಾರೆ. ಮೇಲೆ ಹದ್ದುಗಳು ರುಂಡ ಕಚ್ಚಿ ಹಾರುತ್ತಿವೆ. ಇನ್ನೊಂದು ಬದಿಯಲ್ಲಿ ನಿಂಗಿರ್ಸು ದೇವರು ಶತ್ರುಗಳನ್ನು ಮೀನಿನಂತೆ ಬಲೆಯಲ್ಲಿ ಹಿಡಿದಿದ್ದಾನೆ. ಆ ಕಾಲಕ್ಕೆ ಅಲ್ಲಿ ಯುದ್ಧಕ್ಕೆ ಕುದುರೆ ಇರಲಿಲ್ಲ. ನಾಲ್ಕು ಗಟ್ಟಿ ಚಕ್ರಗಳ ಬಂಡಿಯನ್ನು ಕತ್ತೆಯ ಜಾತಿಯ ಪ್ರಾಣಿಗಳು ಎಳೆಯುತ್ತಿದ್ದವು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕನ್ನಡ ನಾಡಿನ ವೀರಗಲ್ಲುಗಳು ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತ ಸಾಮಾನ್ಯನ ಹೆಸರನ್ನೂ ಉಳಿಸಿವೆ. ಆ ಶಿಲೆಯಲ್ಲಿ ಸಾಲುಗಟ್ಟಿ ನಿಂತ ಸೈನಿಕರಿಗೆ ಹೆಸರಿಲ್ಲ; ದೊರೆಗೆ ಮಾತ್ರ ಇದೆ.

ಗೆದ್ದರೂ ಜಗಳ ಮುಗಿಯಲಿಲ್ಲ. ಉಮ್ಮಾದವರು ಆ ಹೊಲ ಉಳಬಹುದು, ಬದಲಿಗೆ ಬಾರ್ಲಿ ಕೊಡಬೇಕು ಎಂದಾಯಿತು. ಬಾಕಿಗೆ ಬಡ್ಡಿ ಸೇರಿ ಸಾಲ ತೀರಿಸಲಾಗದಷ್ಟು ಬೆಳೆಯಿತು. ಆಗ ಉಮ್ಮಾದ ಊರ್‌ಲುಮ್ಮಾ ಗಡಿ ಕಾಲುವೆಯ ನೀರನ್ನೇ ತಿರುಗಿಸಿ, ಗಡಿಕಲ್ಲುಗಳಿಗೆ ಬೆಂಕಿ ಹಾಕಿಸಿದ. ಈ ಇಡೀ ವ್ಯಾಜ್ಯವನ್ನು ಲಗಾಶಿನ ಎನ್ಮೆತೆನಾ ಮಣ್ಣಿನ ಶಂಕುವಿನ ಮೇಲೆ ಬರೆಯಿಸಿದ್ದಾನೆ. ಅದು ಒಂದೇ ಪಕ್ಷದವರ ಹೇಳಿಕೆ ಎಂಬುದನ್ನೂ ನೆನಪಿಡಬೇಕು. ಇದೇ ಎನ್ಮೆತೆನಾ ಉರುಕ್‌ನ ದೊರೆಯ ಜೊತೆ ‘ಸಹೋದರತ್ವ’ದ ಒಪ್ಪಂದವನ್ನೂ ಮಾಡಿಕೊಂಡ. ನಮಗೆ ತಿಳಿದಿರುವ ಅತಿ ಹಳೆಯ ಒಪ್ಪಂದಗಳಲ್ಲಿ ಅದೂ ಒಂದು.

ಇನ್ನು ಆಡಳಿತ. ಯುದ್ಧ ನಡೆಯಬೇಕಾದರೆ ಖಜಾನೆ ತುಂಬಬೇಕು. ಖಜಾನೆ ತುಂಬುವವನು ಬಡವ. ಕ್ರಿ.ಪೂ. 2350ರ ಸುಮಾರಿಗೆ ಲಗಾಶಿಗೆ ಬಂದ ಉರುಕಗಿನಾ ತನಗಿಂತ ಮೊದಲು ಏನು ನಡೆಯುತ್ತಿತ್ತೆಂದು ಪಟ್ಟಿ ಮಾಡಿಸಿದ್ದಾನೆ. ಅಧಿಕಾರಿಗಳು ಅಂಬಿಗನ ದೋಣಿ, ಕುರುಬನ ಕುರಿ, ಬೆಸ್ತನ ಮೀನು ಕಿತ್ತುಕೊಳ್ಳುತ್ತಿದ್ದರು. ದೇವರ ಎತ್ತುಗಳು ಅರಸನ ಈರುಳ್ಳಿ ಹೊಲ ಉಳುತ್ತಿದ್ದವು. ಹೆಣ ಹೂಳಲು ಬಂದವರು 7 ಕೊಡ ಬಿಯರ್, 420 ರೊಟ್ಟಿ ವಸೂಲಿ ಮಾಡುತ್ತಿದ್ದರು. ಅದನ್ನು 3 ಕೊಡ, 80 ರೊಟ್ಟಿಗೆ ಇಳಿಸಿದೆ, ವಿಧವೆಯನ್ನೂ ತಬ್ಬಲಿಯನ್ನೂ ಬಲಶಾಲಿಯ ಕೈಗೆ ಬಿಡುವುದಿಲ್ಲವೆಂದು ದೇವರಿಗೆ ಮಾತು ಕೊಟ್ಟೆ ಎನ್ನುತ್ತಾನೆ. ಸರ್ಕಾರದ ಮೇಲೆ ಬಡವನಿಗೂ ಒಂದು ಹಕ್ಕಿದೆ ಎಂಬ ಮಾತು ಅಷ್ಟು ಹಳೆಯದು.

ಕೆಲವೇ ವರ್ಷಗಳಲ್ಲಿ ಉಮ್ಮಾದ ಲುಗಲ್‌ಜಗೇಸಿ ಲಗಾಶಿನ ಗುಡಿಗಳನ್ನು ಸುಟ್ಟು ಲೂಟಿ ಮಾಡಿದ. ತಪ್ಪು ಉರುಕಗಿನಾನದಲ್ಲ, ಈ ಪಾಪ ಲುಗಲ್‌ಜಗೇಸಿಯ ದೇವತೆಯ ತಲೆಗೇ ಬರಲಿ ಎಂದು ಬರೆದ ಲಗಾಶಿನ ಹಲಗೆಯೊಂದು ಇಂದಿಗೂ ಇದೆ. ಗೆದ್ದವನೂ ಉಳಿಯಲಿಲ್ಲ. ಅಕ್ಕಾದಿನ ಸಾರ್ಗಾನ್ ಅವನನ್ನು ಸೋಲಿಸಿ, ಕೊರಳಿಗೆ ಮರದ ಕೊರಡು ತೊಡಿಸಿ ನಿಪ್ಪೂರಿನ ದೇಗುಲದ ಬಾಗಿಲಿಗೆ ಎಳೆದುತಂದ. ಎರಡು ಊರುಗಳೂ ಮೂರನೆಯವನ ಪಾಲಾದವು.

ಖಡ್ಗ ಮಾಡಲಾಗದ್ದನ್ನು ಮುಂದೆ ಕಾನೂನು ಮಾಡಲು ಹೊರಟಿತು. ಕ್ರಿ.ಪೂ. 1750ರ ಸುಮಾರಿನ ಹಮ್ಮುರಾಬಿಯ ಶಾಸನದಲ್ಲಿ, ತನ್ನ ಬದು ಭದ್ರ ಮಾಡದೆ ನೆರೆಯವನ ಹೊಲ ಮುಳುಗಿಸಿದವನು ಹಾಳಾದ ಧಾನ್ಯ ತುಂಬಿಕೊಡಬೇಕು ಎಂದಿದೆ. ಆದರೆ ಮಣ್ಣು ಯಾವ ಕಾನೂನಿಗೂ ಕಾಯಲಿಲ್ಲ. ನೀರು ಹರಿದೂ ಹರಿದೂ ಉಪ್ಪು ಮೇಲೆದ್ದು, ಗೋಧಿ ಹಿಂದೆ ಸರಿದು, ಉಪ್ಪು ತಾಳುವ ಬಾರ್ಲಿಯೇ ಹೆಚ್ಚಾಯಿತು. ಸವಳು-ಜವಳು ಅಂದರೇನೆಂದು ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ರೈತರಿಗೆ ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ನಮಗೆ ಗೊತ್ತಾದದ್ದು ಶಾಲೆಯಿಂದ. ಸುಮೇರಿನ ಶಾಲೆಗೆ ‘ಎದುಬ್ಬಾ’, ಅಂದರೆ ‘ಮಣ್ಣುಹಲಗೆಯ ಮನೆ’ ಎಂದು ಹೆಸರು. ತಡವಾಗಿ ಬಂದದ್ದಕ್ಕೆ, ಅಕ್ಷರ ಸೊಟ್ಟಗಾದದ್ದಕ್ಕೆ ದಿನವಿಡೀ ಏಟು ತಿಂದ ಹುಡುಗನ ಕಥೆಯೊಂದು ಅಲ್ಲಿ ಸಿಕ್ಕಿದೆ. ಕೊನೆಗೆ ಅಪ್ಪ ಮೇಷ್ಟ್ರನ್ನು ಮನೆಗೆ ಕರೆದು ಊಟ ಹಾಕಿ, ಹೊಸ ಬಟ್ಟೆ ಕೊಟ್ಟ ಮೇಲೆ ಅದೇ ಹುಡುಗ ಜಾಣನಾದ! ಇಲ್ಲಿ ಕುಳಿತ ಹಳೆಯ ವಿದ್ಯಾರ್ಥಿಗಳು ಏಕೆ ನಗುತ್ತಿದ್ದೀರೆಂದು ನನಗೆ ಗೊತ್ತು.

ಮಕ್ಕಳೇ, ಅರಮನೆಗಳು ಬಿದ್ದವು, ಲೆಕ್ಕ ಬರೆದ ಹಲಗೆಗಳು ಉಳಿದವು. ಕಾವೇರಿಯ ಬಗ್ಗೆ ಮೈಸೂರು ಮತ್ತು ಮದರಾಸು 1892ರಲ್ಲಿ, 1924ರಲ್ಲಿ ಕಾಗದದ ಮೇಲೆ ಒಪ್ಪಂದ ಮಾಡಿಕೊಂಡವು. 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸಮಾಧಾನ ಎಲ್ಲರಿಗೂ ಆಗಿರಲಿಕ್ಕಿಲ್ಲ. ಆದರೂ ವಾದ ಭರ್ಜಿಯಿಂದ ಕಾಗದಕ್ಕೆ ಬಂದಿದೆಯಲ್ಲ, ಅದು ಸಣ್ಣ ದಾರಿಯಲ್ಲ. ಆ ಕಾಗದ ಓದಿ, ಪ್ರಶ್ನೆ ಕೇಳಿ, ಕಾಲುವೆಯ ಕೊನೆಯ ಹೊಲಕ್ಕೂ ನೀರು ತಲುಪಿತೇ ಎಂದು ನೋಡುವವರು ಇಂಥ ಸರ್ಕಾರಿ ಶಾಲೆಗಳಿಂದಲೇ ಬರಬೇಕು. 50 ವರ್ಷ ಈ ಶಾಲೆ ಅಂಥವರನ್ನು ಕೊಟ್ಟಿದೆ, ಮುಂದೆಯೂ ಕೊಡಲಿ.