ಹಳೆಯ ಷೇರು ಬೆಲೆಗಳನ್ನು ಓದುವ ಬಗೆ



ಮುಂಬಯಿ ಷೇರು ಪೇಟೆಯ ಕಥೆ ಹೇಳುವವರೆಲ್ಲ ತಪ್ಪದೆ ಉಲ್ಲೇಖಿಸುವ ಎರಡು ಅಂಕಿಗಳಿವೆ. ಬ್ಯಾಂಕ್ ಆಫ್ ಬಾಂಬೆಯ ಒಂದು ಷೇರು 1860ರ ದಶಕದ ಭರಾಟೆಯಲ್ಲಿ 2,850 ರೂಪಾಯಿ ಮುಟ್ಟಿತ್ತು. ಭರಾಟೆ ಇಳಿದ ಮೇಲೆ ಅದನ್ನು ಕೊಳ್ಳುವವರು ಕೊಡಲು ಸಿದ್ಧರಿದ್ದದ್ದು 87 ರೂಪಾಯಿ. ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದೆ ನಿಂತಿತು. ಮುಂಬಯಿಯ ಮೂಲಕ ಸಾಗುತ್ತಿದ್ದ ಹತ್ತಿಗೆ, ಅದರಲ್ಲಿ ನಮ್ಮ ಧಾರವಾಡ ಸೀಮೆಯದೂ ಸೇರಿತ್ತು, ಕೇಳಿದಷ್ಟು ಬೆಲೆ ಬಂತು. ಆ ಹಣ ಬ್ಯಾಂಕುಗಳು, ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳು ಎಂದು ಹರಿಯಿತು. 1865ರಲ್ಲಿ ಯುದ್ಧ ಮುಗಿಯಿತು. ಆ ವರ್ಷದ ಜುಲೈ 1ರಂದು ತೀರಿಸಬೇಕಾಗಿದ್ದ ವಾಯಿದೆ ವ್ಯವಹಾರಗಳು ತೀರಲಿಲ್ಲ.

ಈ ಎರಡು ಅಂಕಿಗಳು ನಿಜವೇ ಎಂದರೆ ನಿಜ. ಆದರೆ 2,850 ರೂಪಾಯಿಗೆ ಎಷ್ಟು ಷೇರು ಕೈ ಬದಲಾಯಿಸಿತು? ಹತ್ತೋ, ಸಾವಿರವೋ? ಆ ಒಂದು ಬೆಲೆ ಅದನ್ನು ಹಿಡಿದುಕೊಂಡಿದ್ದ ಎಲ್ಲರ ಆಸ್ತಿಯ ಬೆಲೆಯಾಗಿತ್ತೇ? ಹಾಗೆ ಲೆಕ್ಕ ಹಾಕಿಕೊಂಡವರೇ ಆಗ ಹಾಳಾದದ್ದು. ಹಳೆಯ ಬೆಲೆ ಎಂದರೆ ಯಾವನೋ ಒಬ್ಬ ಕೊಂಡ, ಇನ್ನೊಬ್ಬ ಮಾರಿದ ಎಂಬುದರ ದಾಖಲೆ. ಅದಕ್ಕಿಂತ ಹೆಚ್ಚಿನ ಅರ್ಥವನ್ನು ಅದರ ತಲೆಗೆ ಕಟ್ಟುವ ಮೊದಲು ನಾಲ್ಕು ಮಾತು ವಿಚಾರಿಸಬೇಕು.

ಇಂಥ ದಾಖಲೆ ಇಡುವ ಪದ್ಧತಿ ಹಳೆಯದು. ಲಂಡನ್ನಿನ ಜೊನಾಥನ್ ಕಾಫಿ ಹೌಸಿನಲ್ಲಿ ಕುಳಿತು ಜಾನ್ ಕಾಸ್ಟೈಂಗ್ ಎಂಬ ದಲ್ಲಾಳಿ 1698ರಲ್ಲಿ ಷೇರು ಮತ್ತು ಸರಕುಗಳ ಬೆಲೆಪಟ್ಟಿಯನ್ನು ವಾರಕ್ಕೆ ಎರಡು ಬಾರಿ ಪ್ರಕಟಿಸತೊಡಗಿದ. ನ್ಯೂಯಾರ್ಕಿನ ಚಾರ್ಲ್ಸ್ ಡೌ 1896ರ ಮೇ 26ರಂದು 12 ಕಂಪನಿಗಳ ಬೆಲೆ ಕೂಡಿಸಿ, 12ರಿಂದ ಭಾಗಿಸಿ, 40.94 ಎಂಬ ಒಂದೇ ಅಂಕಿಯನ್ನು ಮುಂದಿಟ್ಟ. ಅಷ್ಟು ಸರಳ ಲೆಕ್ಕ. ಮುಂಬಯಿಯ ಸೆನ್ಸೆಕ್ಸ್ ಬಂದದ್ದು 1986ರಲ್ಲಿ. ಅದಕ್ಕೆ 1978-79ನ್ನು ಆಧಾರ ವರ್ಷವಾಗಿಟ್ಟು 100 ಎಂದು ಹಿಡಿದರು. ಹಾಗಾಗಿ ಸೆನ್ಸೆಕ್ಸಿನ ನಕ್ಷೆಯ ಮೊದಲ ಕೆಲವು ವರ್ಷಗಳು ಆ ದಿನಗಳಲ್ಲಿ ಯಾರೂ ಕಂಡದ್ದಲ್ಲ, ಮುಂದೆ ಕುಳಿತು ಹಿಂದಕ್ಕೆ ಲೆಕ್ಕ ಹಾಕಿದ್ದು. ಏಳು ವರ್ಷದ ಓಟ ಮುಗಿದ ಮೇಲೆ ಓಟಗಾರರನ್ನು ಆರಿಸಿದರೆ ಓಟ ಚೆನ್ನಾಗಿಯೇ ಕಂಡೀತು.

ಇನ್ನು ಕನ್ನಡಿಗರಿಗೆಲ್ಲ ಗೊತ್ತಿರುವ ಒಂದು ಷೇರಿಗೆ ಬರೋಣ. ಇನ್ಫೋಸಿಸ್ 1993ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ 95 ರೂಪಾಯಿಗೊಂದರಂತೆ ಷೇರು ನೀಡಿತು. ಜನ ಮುಗಿಬೀಳಲಿಲ್ಲ; ಮಾರಾಟಕ್ಕಿಟ್ಟಷ್ಟು ಷೇರುಗಳಿಗೆ ಅರ್ಜಿಯೂ ಬರಲಿಲ್ಲ. ಇವತ್ತು ಆ ಕಂಪನಿಯ ಹಳೆಯ ಬೆಲೆಗಳನ್ನು ಗಣಕದಲ್ಲಿ ತೆರೆದು ನೋಡಿದರೆ 1993ರ ಸಾಲಿನಲ್ಲಿ 95 ಕಾಣುವುದಿಲ್ಲ, ಪೈಸೆಗಳ ಲೆಕ್ಕ ಕಾಣುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲಿಯೇ.

ಅದರ ಗುಟ್ಟು ಇಷ್ಟು. 1994, 1997, 1999ರಲ್ಲಿ ಕಂಪನಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತು. 2000ದಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 5 ರೂಪಾಯಿಯ ಎರಡು ಷೇರುಗಳಾಗಿ ಒಡೆಯಿತು. 2004ರಲ್ಲಿ ಒಂದಕ್ಕೆ ಮೂರು ಬೋನಸ್. 2006, 2014, 2015, 2018ರಲ್ಲಿ ಮತ್ತೆ ಒಂದಕ್ಕೊಂದು. ಮೊದಲು 100 ಷೇರು ಕೊಂಡು ಸುಮ್ಮನೆ ಕುಳಿತವರ ಬಳಿ ಇದರಿಂದ 200, 400, 800, 1,600, 6,400, 12,800, 25,600, 51,200 ಆಗಿ ಕೊನೆಗೆ 1,02,400 ಷೇರುಗಳಾದವು. ಒಂದು ಷೇರು 1,024 ಆಯಿತು. ಆದ್ದರಿಂದ 95 ರೂಪಾಯಿಯನ್ನು 1,024ರಿಂದ ಭಾಗಿಸಿ ಸುಮಾರು ಒಂಬತ್ತು ಪೈಸೆ ಎಂದು ಬರೆಯುತ್ತಾರೆ. ಇದೇ ಸರಿಹೊಂದಿಸಿದ ಬೆಲೆ. ರೊಟ್ಟಿಯನ್ನು ಎರಡು ತುಂಡು ಮಾಡಿದರೆ ರೊಟ್ಟಿ ಹೆಚ್ಚುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಆದರೆ ಹಾಗೆ ಸರಿಹೊಂದಿಸದ ಪಟ್ಟಿಯನ್ನು ನೋಡುವವನಿಗೆ 2018ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯಲ್ಲಿ ಬೆಲೆ ಅರ್ಧವಾದಂತೆ ಕಾಣುತ್ತದೆ. ಆ ದಿನ ಯಾರೂ ಒಂದು ಕಾಸೂ ಕಳೆದುಕೊಂಡಿರಲಿಲ್ಲ.

ಈ 1,02,400ರ ಕಥೆಯನ್ನು ಹೂಡಿಕೆಯ ಸಲಹೆ ಮಾರುವವರು ಹರಿಕಥೆಯಂತೆ ಹೇಳುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಆ ಒಂದನ್ನೇ ಆರಿಸಿಕೊಂಡದ್ದರಲ್ಲಿ. ಕನ್ನಡದಲ್ಲಿ ಗೆದ್ದೆತ್ತಿನ ಬಾಲ ಹಿಡಿಯುವುದು ಎನ್ನುತ್ತಾರಲ್ಲ, ಅಂಕಿಅಂಶಗಳಲ್ಲಿ ಅದರಷ್ಟು ದೊಡ್ಡ ಮೋಸ ಇನ್ನೊಂದಿಲ್ಲ. ಅದೇ 1990ರ ದಶಕದಲ್ಲಿ ಷೇರು ಬಿಟ್ಟು, ಮುಚ್ಚಿ, ಹೆಸರಿಲ್ಲದಂತಾದ ಕಂಪನಿಗಳ ಪತ್ರಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿವೆ. ಅವುಗಳ ನಕ್ಷೆಯನ್ನು ಯಾರೂ ತೋರಿಸುವುದಿಲ್ಲ. ತೋರಿಸಲು ಬೆಲೆಯೇ ಇಲ್ಲ.

ಸೂಚ್ಯಂಕವೂ ಈ ದೋಷದಿಂದ ಪೂರ್ತಿ ಮುಕ್ತವಲ್ಲ. ಸೆನ್ಸೆಕ್ಸಿನ ಮೊದಲ ಮೂವತ್ತರಲ್ಲಿ ಹಿಂದೂಸ್ಥಾನ್ ಮೋಟಾರ್ಸ್, ಪ್ರೀಮಿಯರ್ ಆಟೊಮೊಬೈಲ್ಸ್, ಬಾಂಬೆ ಡೈಯಿಂಗ್ ಇದ್ದವು. ಅಂಬಾಸಡರ್, ಪದ್ಮಿನಿ ಕಾರುಗಳೇ ರಸ್ತೆ ಆಳುತ್ತಿದ್ದ ಕಾಲ. 1996ರಲ್ಲಿ ಒಮ್ಮೆಗೇ ಅರ್ಧದಷ್ಟು ಕಂಪನಿಗಳನ್ನು ಬದಲಿಸಿದರು. ಸತ್ಯಂ ಕಂಪನಿ 2009ರ ಜನವರಿ 7ರಂದು ತನ್ನ ಲೆಕ್ಕ ಸುಳ್ಳೆಂದು ಅದರ ಅಧ್ಯಕ್ಷರೇ ಒಪ್ಪಿಕೊಂಡಾಗ ಒಂದೇ ದಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿತ್ತು, ಅದೇ ತಿಂಗಳು ಸೂಚ್ಯಂಕದಿಂದ ಹೊರಬಿತ್ತು. ಸೋತವರನ್ನು ಹೊರಗಿಟ್ಟು ಗೆದ್ದವರನ್ನು ಒಳಗೆ ತರುವುದು ಸೂಚ್ಯಂಕದ ಧರ್ಮ. ಮನೆಯ ಟ್ರಂಕಿಗೆ ಆ ಸೌಕರ್ಯವಿಲ್ಲ.

ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಲೋರಿ ಮತ್ತು ಲಾರೆನ್ಸ್ ಫಿಷರ್ 1960ರಲ್ಲಿ ಆರಂಭಿಸಿದ ಕೆಲಸಕ್ಕೆ ಬೆಲೆ ಬಂದದ್ದು ಈ ಕಾರಣಕ್ಕೇ. ನ್ಯೂಯಾರ್ಕ್ ಪೇಟೆಯಲ್ಲಿ 1926ರಿಂದ ಇದ್ದ ಸಾಮಾನ್ಯ ಷೇರುಗಳನ್ನೆಲ್ಲ, ಸತ್ತವನ್ನೂ ಬಿಡದೆ, ಬೋನಸ್ಸು, ಲಾಭಾಂಶ ಸಹಿತ ಅವರು ಗಣಕಕ್ಕೆ ಏರಿಸಿದರು. 1964ರಲ್ಲಿ ಅವರ ಉತ್ತರ ಬಂತು: ಲಾಭಾಂಶವನ್ನು ಮತ್ತೆ ಹೂಡುತ್ತ ಹೋದರೆ ವರ್ಷಕ್ಕೆ ಸರಾಸರಿ ಸುಮಾರು ಶೇ 9. ಅದಕ್ಕೆ ಮೊದಲು ಇದನ್ನು ಖಚಿತವಾಗಿ ಹೇಳಬಲ್ಲವರೇ ಇರಲಿಲ್ಲ. ಸಲಹೆಗಾರರು ಮಾತ್ರ ಬೇಕಾದಷ್ಟಿದ್ದರು. ಆ ಸಲಹೆಗಾರರ ಭವಿಷ್ಯವಾಣಿಗಳನ್ನು ಆಲ್ಫ್ರೆಡ್ ಕೌಲ್ಸ್ 1933ರಲ್ಲೇ ಪರೀಕ್ಷಿಸಿ, ಅವುಗಳಿಂದ ಉಪಯೋಗವಿದೆಯೇ ಎಂಬುದು ಸಂಶಯ ಎಂದು ಬರೆದಿದ್ದರು.

ಲಾಭಾಂಶದ ಮಾತು ಬಂತು. ಡೌ ಸೂಚ್ಯಂಕ 1929ರ ಸೆಪ್ಟೆಂಬರ್ 3ರಂದು 381.17 ಇತ್ತು, 1932ರ ಜುಲೈ 8ರಂದು 41.22. ಶೇ 89ರಷ್ಟು ಇಳಿತ. ಇಳಿದದ್ದು ಶೇ 89 ಎಂದರೆ ಮತ್ತೆ ಮೊದಲಿನ ಜಾಗಕ್ಕೆ ಬರಲು ಒಂಬತ್ತು ಪಟ್ಟಿಗೂ ಮೀರಿ ಏರಬೇಕು. ಅದು ಸಾಧ್ಯವಾದದ್ದು 1954ರ ನವೆಂಬರಿನಲ್ಲಿ. ಇಪ್ಪತ್ತೈದು ವರ್ಷ! ಆದರೆ ಆ ನಕ್ಷೆಯಲ್ಲಿ ಲಾಭಾಂಶ ಸೇರಿಲ್ಲ. ಆರಂಭದ ಆ ವರ್ಷಗಳಲ್ಲಿ ಸಾಮಾನುಗಳ ಬೆಲೆಯೂ ಇಳಿದಿತ್ತು ಎಂಬುದೂ ಸೇರಿಲ್ಲ. ಎರಡನ್ನೂ ಲೆಕ್ಕಕ್ಕೆ ತಂದರೆ ಕಾಯಬೇಕಾದ ವರ್ಷಗಳು ಬಹಳ ಕಡಿಮೆಯಾಗುತ್ತವೆ.

ನಮ್ಮಲ್ಲಿ ಸಾಮಾನುಗಳ ಬೆಲೆ ಇಳಿಯುವ ಭಾಗ್ಯವಿಲ್ಲ. ಹರ್ಷದ್ ಮೆಹ್ತಾ ಕಾಲದಲ್ಲಿ, 1992ರ ಏಪ್ರಿಲ್ 22ರಂದು ಸೆನ್ಸೆಕ್ಸ್ 4,467ಕ್ಕೆ ಮುಟ್ಟಿತು. ಹನ್ನೊಂದು ವರ್ಷಗಳ ನಂತರ, 2003ರ ಏಪ್ರಿಲಿನಲ್ಲಿ, ಅದು 3,000ಕ್ಕಿಂತ ಕೆಳಗಿತ್ತು. ನಡುವೆ ಅಕ್ಕಿ ಬೇಳೆಯ ಬೆಲೆ ಏರಿದ್ದನ್ನು ಯಾವ ಗೃಹಿಣಿಯನ್ನು ಕೇಳಿದರೂ ಹೇಳುತ್ತಿದ್ದರು. 1992ರಲ್ಲಿ ಮಗಳ ಮದುವೆಗೆಂದು ಹಣ ಹಾಕಿದವರು ಮದುವೆಯ ಹೊತ್ತಿಗೆ ಏನು ತೆಗೆದರೆಂಬುದನ್ನು 1979ರಿಂದ ಇವತ್ತಿನವರೆಗಿನ ಏರುಗೆರೆ ಹೇಳುವುದಿಲ್ಲ. ಆರಂಭದ ದಿನ ಮತ್ತು ಕೊನೆಯ ದಿನವನ್ನು ಯಾರು ಆರಿಸಿದರು ಎಂಬುದೇ ಮುಖ್ಯ. ಜಪಾನಿನ ನಿಕ್ಕೆ ಸೂಚ್ಯಂಕ 1989ರ ಡಿಸೆಂಬರ್ 29ರ 38,915ನ್ನು ದಾಟಿದ್ದು 2024ರ ಫೆಬ್ರವರಿ 22ರಂದು. ಮೂವತ್ತನಾಲ್ಕು ವರ್ಷ ಕಾಯ್ದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಕಾಯುವವರ ವಯಸ್ಸನ್ನೂ ಕೇಳಬೇಕು.

ಪತ್ರಿಕೆಗಳ ತಲೆಬರಹದ ಬಗ್ಗೆಯೂ ಒಂದು ಮಾತು. 2024ರ ಜೂನ್ 4ರಂದು ಚುನಾವಣೆಯ ಫಲಿತಾಂಶ ಬರುತ್ತಿದ್ದಾಗ ಸೆನ್ಸೆಕ್ಸ್ ಸುಮಾರು 4,390 ಅಂಶ ಬಿತ್ತು. 1992ರ ಏಪ್ರಿಲ್ 28ರಂದು ಬಿದ್ದದ್ದು 570 ಅಂಶ. ಯಾವುದು ದೊಡ್ಡದು? ಮೊದಲನೆಯದು ಶೇ 6ಕ್ಕೂ ಕಡಿಮೆ, ಎರಡನೆಯದು ಶೇ 12ಕ್ಕೂ ಹೆಚ್ಚು. ಕೋವಿಡ್ ಭಯದಲ್ಲಿ 2020ರ ಮಾರ್ಚ್ 23ರಂದು ಬಿದ್ದ 3,935 ಅಂಶ ಶೇ 13ರಷ್ಟಾಗಿತ್ತು. ಅಂಶಗಳನ್ನು ಎಣಿಸುವವರು ಭಯವನ್ನು ಎಣಿಸುತ್ತಾರೆ, ನಷ್ಟವನ್ನಲ್ಲ.

ಕೊನೆಯದಾಗಿ, ಹಳೆಯ ಬೆಲೆ ಸಾಮಾನ್ಯನ ಜೇಬಿಗೇ ಕೈ ಹಾಕುವ ಒಂದು ಸಂದರ್ಭ. 2018ರ ಬಜೆಟ್ಟು ದೀರ್ಘಾವಧಿಯ ಷೇರು ಲಾಭಕ್ಕೆ ಮತ್ತೆ ತೆರಿಗೆ ತಂದಾಗ, ಮೊದಲೇ ಕೊಂಡಿದ್ದವರಿಗೆ ರಿಯಾಯಿತಿಯಾಗಿ 2018ರ ಜನವರಿ 31ರ ಅತಿ ಹೆಚ್ಚಿನ ಬೆಲೆಯನ್ನು ಖರೀದಿ ಬೆಲೆಯ ಲೆಕ್ಕಕ್ಕೆ ತೆಗೆದುಕೊಳ್ಳಲು ಬಿಟ್ಟಿತು. ಮಾರಿದ ಬೆಲೆಯನ್ನು ಅದು ಮೀರುವಂತಿಲ್ಲ. ಎಲ್ಲರೂ ಹಳೆಯ ಪಟ್ಟಿ ಹುಡುಕಿದರು. ಇಲ್ಲಿ ಮಾತ್ರ ಸರಿಹೊಂದಿಸಿದ ಬೆಲೆ ಕೆಲಸಕ್ಕೆ ಬಾರದು. ಆ ದಿನ ಇನ್ಫೋಸಿಸ್‌ನ 100 ಷೇರು ಇದ್ದವರಿಗೆ ಸೆಪ್ಟೆಂಬರಿನಲ್ಲಿ ಇನ್ನೂ 100 ಬೋನಸ್ಸಾಗಿ ಬಂದವು. ಹಳೆಯ 100ಕ್ಕೆ ಜನವರಿ 31ರಂದು ಪೇಟೆಯಲ್ಲಿ ನಿಜವಾಗಿ ಇದ್ದ ಪೂರ್ತಿ ಬೆಲೆಯನ್ನು ಹಿಡಿಯಬೇಕು, ಬೋನಸ್ಸಿನ 100ಕ್ಕೆ ಖರೀದಿ ಬೆಲೆ ಸೊನ್ನೆ. ಗಣಕ ತೋರಿಸುವ ಅರ್ಧಬೆಲೆಯನ್ನು ಹಾಕಿ ಹಳೆಯ 100 ಷೇರುಗಳನ್ನಷ್ಟೇ ಮಾರಿದವರು ತಾವಾಗಿಯೇ ಹೆಚ್ಚು ತೆರಿಗೆ ಕಟ್ಟಿದಂತಾಗುತ್ತದೆ. ಮುಂಬಯಿ ಪೇಟೆಯ ಮತ್ತು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ದಿನದಿನದ ಪಟ್ಟಿಗಳಲ್ಲಿ ಆ ದಿನದ ಮೂಲ ಬೆಲೆ ಇದ್ದ ಹಾಗೆಯೇ ಸಿಗುತ್ತದೆ, ಹಣ ಕೊಡಬೇಕಾಗಿಲ್ಲ.