ಮೂರು ಮರಗಳ ನಡುವಿನ ಕಲ್ಲು

ಜರ್ಮನಿ ಇನ್ನೂ ಎರಡು ರಾಷ್ಟ್ರಗಳಾಗಿದ್ದ ಕಾಲದಲ್ಲಿ ನಾನು ಅದರ ಪಶ್ಚಿಮ ಭಾಗದ ಒಂದು ಸಣ್ಣ ಊರಿನಲ್ಲಿ ವ್ಯಾಸಂಗಕ್ಕಾಗಿ ಎರಡು ವರ್ಷ ಇದ್ದೆ. ಒಂದು ಸಂಜೆ ನನ್ನ ಮನೆಯೊಡತಿ ಮಾಸಿದ ಛಾಯಾಚಿತ್ರವೊಂದನ್ನು ತಂದು ಮೇಜಿನ ಮೇಲಿಟ್ಟರು. ಚೌಕಾಕಾರದ ದೊಡ್ಡ ಕಲ್ಲು. ಅದರ ನೆತ್ತಿಯ ಮೇಲೆ ಶಿರಸ್ತ್ರಾಣ, ಖಡ್ಗ. ಸುತ್ತ ಮೂರು ಮರಗಳು. ಕಲ್ಲಿಗೆ ಒರಗಿ ನಿಂತ ಒಬ್ಬ ತರುಣ.

“ನನ್ನ ತಂದೆ,” ಎಂದರು. ಯುದ್ಧಕ್ಕೆ ಹೋದವರು ಹಿಂದಿರುಗಲಿಲ್ಲ. 1945ರಲ್ಲಿ ನಾಲ್ಕು ವರ್ಷದ ಮಗುವಾಗಿ ತಾಯಿಯ ಕೈಹಿಡಿದು ಪಶ್ಚಿಮಕ್ಕೆ ಬಂದ ಆಕೆಗೆ ತಾವು ಸ್ಯಾಕ್ಸನಿಯವರೆಂಬುದಷ್ಟೇ ಗೊತ್ತು. ತಾಯಿಯೂ ಬೇಗನೆ ತೀರಿಕೊಂಡಿದ್ದರು. “ನೀವು ಇತಿಹಾಸ ಓದುವವರಲ್ಲವೇ? ಇದು ಎಲ್ಲಿಯದೆಂದು ಹೇಳಬಲ್ಲಿರಾ?”

ಮೊದಲ ಮಹಾಯುದ್ಧದಲ್ಲಿ ಮಡಿದವರ ಸ್ಮಾರಕವೆಂದು ನಾನು ಥಟ್ಟನೆ ಹೇಳಿಬಿಟ್ಟೆ. ಅಂಥವು ಅಲ್ಲಿ ಊರೂರಿಗೂ ಉಂಟು. ಆತುರದ ಮಾತು! ಆ ಶಿರಸ್ತ್ರಾಣ ಪ್ರಾಚೀನ ಶಿಲ್ಪಗಳಲ್ಲಿ ಕಾಣುವಂಥದು. ಇಪ್ಪತ್ತನೆಯ ಶತಮಾನದ ಸೈನಿಕನದಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಬರಹದ ಬಹುಭಾಗವನ್ನು ತಂದೆಯ ಹೆಗಲು ಮರೆಮಾಡಿತ್ತು. ಕಂಡದ್ದು ಎರಡೇ ತುಣುಕು: ಜರ್ಮನ್ ಭಾಷೆಯಲ್ಲಿ ವೀರನೆಂಬ ಅರ್ಥದ ‘ಹೆಲ್ಡ್’, ಅದರ ಮೇಲೆ ಒಂದು ಹೆಸರಿನ ಬಾಲ, ‘ರೋ’ ಎಂಬ ಉಚ್ಚಾರಕ್ಕೆ ಫ್ರೆಂಚರು ಬರೆಯುವ ಅಕ್ಷರಗಳು. ಜರ್ಮನ್ ನೆಲದಲ್ಲಿ, ಜರ್ಮನ್ ನುಡಿಯಲ್ಲಿ, ಫ್ರೆಂಚನೊಬ್ಬನನ್ನು ವೀರನೆಂದು ಕೊಂಡಾಡಿದವರು ಯಾರು?

ಈ ಪ್ರಶ್ನೆಯೇ ದಾರಿ ತೋರಿತು. ಅವನು ಸೇನಾನಿ ಮೊರೋ. 1800ರಲ್ಲಿ ಹೋಹೆನ್‌ಲಿಂಡನ್‌ನಲ್ಲಿ ಫ್ರಾನ್ಸಿಗೆ ಜಯ ತಂದವನು. 1804ರಲ್ಲಿ ನೆಪೋಲಿಯನ್ನನ ಕೋಪಕ್ಕೆ ಗುರಿಯಾಗಿ ದೇಶಭ್ರಷ್ಟನಾಗಿ ಅಮೆರಿಕಕ್ಕೆ ಹೋದವನು. 1813ರಲ್ಲಿ ಮರಳಿ ಬಂದು, ನೆಪೋಲಿಯನ್ನನ ವೈರಿಗಳ ಪಾಳೆಯ ಸೇರಿದ. ಆಗಸ್ಟ್ 27ರಂದು ಡ್ರೆಸ್ಡೆನ್ ನಗರದ ದಕ್ಷಿಣಕ್ಕಿರುವ ರೆಕ್ನಿಟ್ಸ್ ದಿಬ್ಬದ ಮೇಲೆ ರಷ್ಯದ ಚಕ್ರವರ್ತಿ ಅಲೆಕ್ಸಾಂಡರನ ಪಕ್ಕದಲ್ಲಿದ್ದಾಗ ಫಿರಂಗಿಯ ಗುಂಡು ತಗುಲಿತು. ಎರಡು ಕಾಲುಗಳನ್ನೂ ಕತ್ತರಿಸಬೇಕಾಯಿತು. ಸೆಪ್ಟೆಂಬರ್ 2ರಂದು ಬೊಹೀಮಿಯದಲ್ಲಿ ಸತ್ತ. ದೇಹ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಯಿತು. ಕಾಲುಗಳು ದಿಬ್ಬದಲ್ಲಿಯೇ ಮಣ್ಣಾದವು. ಮರುವರ್ಷ ತೋರ್ಮೇಯರ್ ಎಂಬ ವಾಸ್ತುಶಿಲ್ಪಿಯ ಕಲ್ಪನೆಯಂತೆ ಅಲ್ಲಿ ಗ್ರಾನೈಟ್ ಕಲ್ಲು ನಿಂತಿತು. ಮಿತ್ರಪಕ್ಷದ ಮೂವರು ದೊರೆಗಳ ಹೆಸರಿನಲ್ಲಿ ಸುತ್ತ ಮೂರು ಓಕ್ ಸಸಿಗಳನ್ನು ನೆಟ್ಟರು. ನಾನು ಬರಿಯ ಹಿನ್ನೆಲೆಯೆಂದು ಗಣಿಸದಿದ್ದ ಮರಗಳೇ ಸಾಕ್ಷಿ ನುಡಿದವು. ತಾಯ್ನಾಡಿನ ಸೇನೆಯ ಎದುರು ನಿಂತವನು ವೀರನೋ ದ್ರೋಹಿಯೋ ಎಂಬುದನ್ನು ಕಲ್ಲು ನಿಲ್ಲಿಸಿದವರು ತಮ್ಮ ಮಟ್ಟಿಗೆ ತೀರ್ಮಾನಿಸಿಬಿಟ್ಟಿದ್ದರು. ನನಗೆ ಅಷ್ಟು ಸುಲಭವೆನ್ನಿಸುವುದಿಲ್ಲ.

ಆಕೆಗೆ ಮೊರೋವಿನ ಕಥೆಯಲ್ಲಿ ಹೆಚ್ಚಿನ ಆಸಕ್ತಿ ಹುಟ್ಟಲಿಲ್ಲ. ಡ್ರೆಸ್ಡೆನ್ ಎಂದೊಡನೆ ಸುಮ್ಮನಾದರು. 1945ರ ಫೆಬ್ರವರಿ 13ರ ರಾತ್ರಿ ಆರಂಭವಾದ ಬಾಂಬುದಾಳಿ ಆ ನಗರದ ನಡುಭಾಗವನ್ನು ಸುಟ್ಟದ್ದು ಎಲ್ಲರಿಗೂ ತಿಳಿದದ್ದೇ.

“ಕಲ್ಲು ಉಳಿದಿದೆಯೇ?”

“ಉಳಿದಿದೆ.”

ನಕ್ಷೆಯಲ್ಲಿ ದಿಬ್ಬವನ್ನು ತೋರಿಸಿದೆ. ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತಿದ್ದರು. ಆಮೇಲೆ ಚಿತ್ರವನ್ನು ಮಗುಚಿ, ನನ್ನ ಪೆನ್ಸಿಲು ಕೇಳಿ ಪಡೆದು, ತಂದೆಯ ಹೆಸರು ಬರೆದರು. ಅದರ ಕೆಳಗೆ, ರೆಕ್ನಿಟ್ಸ್ ಎಂದು.