ಬಾಂಬು ಬಿದ್ದದ್ದು ದುಡಿಯುವವರ ಮೇಲೆ

(ನಲ್ಲೂರಿನಲ್ಲಿ ಹಿರೋಷಿಮಾ ದಿನದ ಸಭೆಯಲ್ಲಿ ಮಾಡಿದ ಭಾಷಣ)



1945ರ ಆಗಸ್ಟ್ 6ರ ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಅಮೆರಿಕದ ವಿಮಾನವೊಂದು ಜಪಾನಿನ ಹಿರೋಷಿಮಾ ನಗರದ ಮೇಲೆ ಅಣುಬಾಂಬು ಹಾಕಿತು. ಮೂರು ದಿನ ಕಳೆದು ನಾಗಸಾಕಿಗೂ ಅದೇ ಗತಿ ಬಂತು. ಆ ವರ್ಷ ಮುಗಿಯುವುದರೊಳಗೆ ಹಿರೋಷಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 74,000 ಜನ ಸತ್ತರು.

ಸತ್ತವರು ಯಾರು? ಯುದ್ಧ ಸಾರಿದ ಮಂತ್ರಿಗಳಲ್ಲ, ಯುದ್ಧದಿಂದ ಲಾಭ ಮಾಡಿದ ಸಾಹುಕಾರರಲ್ಲ. ಬೆಳಗಿನ ಪಾಳಿಗೆ ಹೊರಟವರು, ಅಂಗಡಿ ತೆರೆಯುತ್ತಿದ್ದವರು, ಕೊರಿಯಾದಿಂದ ಬಲವಂತವಾಗಿ ತಂದಿದ್ದ ಕೂಲಿಗಳು. ಬೆಂಕಿ ಹರಡದಂತೆ ಮನೆ ಕೆಡವಿ ಬಯಲು ಮಾಡುವ ಕೆಲಸಕ್ಕೆ ಹಚ್ಚಿದ್ದ ಶಾಲೆಯ ಮಕ್ಕಳೇ ಸಾವಿರಾರು.

ನೂಲು, ಬಟ್ಟೆಗಳ ನಡುವೆ ಬದುಕುವ ನಿಮಗೆ ಒಂದು ಸಂಗತಿ ಹೇಳಬೇಕು. ಕಪ್ಪು ಬಣ್ಣ ಕಾವನ್ನು ಹೀರುತ್ತದೆ, ಬಿಳಿ ಹಿಂದಕ್ಕೆ ತಳ್ಳುತ್ತದೆ. ಅಂದು ಕೆಲವರು ತೊಟ್ಟಿದ್ದ ಬಟ್ಟೆಯಲ್ಲಿ ಕಪ್ಪು ಚಿತ್ತಾರ ಇದ್ದ ಕಡೆ ಮೈ ಸುಟ್ಟು, ಆ ಚಿತ್ತಾರವೇ ಚರ್ಮದ ಮೇಲೆ ಅಚ್ಚಾಯಿತು.

ಸುಡದೆ ಉಳಿದವರಿಗೂ ಬಿಡುಗಡೆ ಇರಲಿಲ್ಲ. ಕೂದಲು ಉದುರಿತು, ವಸಡಿನಿಂದ ರಕ್ತ ಸುರಿಯಿತು, ವರ್ಷಗಳ ಮೇಲೆ ರಕ್ತದ ಕ್ಯಾನ್ಸರ್ ಬಂತು. ಎರಡು ವರ್ಷದ ಕೂಸಾಗಿದ್ದಾಗ ಬಾಂಬಿಗೆ ಸಿಕ್ಕ ಸದಾಕೊ ಸಸಾಕಿ 1955ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. ಹೀಗೆ ಬದುಕುಳಿದವರನ್ನು ಜಪಾನಿನಲ್ಲಿ ಹಿಬಾಕುಶಾ ಎನ್ನುತ್ತಾರೆ. ಅವರಿಗೆ ಕೆಲಸ ಕೊಡಲು ಧಣಿಗಳು ಹಿಂಜರಿದರು; ಹೆಣ್ಣು ಕೊಡಲು, ತರಲು ಜನ ಹೆದರಿದರು. ಅಮೆರಿಕದವರು ತೆರೆದ ಸಂಸ್ಥೆ ಅವರನ್ನು ಪರೀಕ್ಷಿಸಿತು, ಚಿಕಿತ್ಸೆ ಕೊಡಲಿಲ್ಲ.

ಆಗ ಅವರು ಮಾಡಿದ್ದೇನು? 1956ರ ಆಗಸ್ಟ್ 10ರಂದು ನಾಗಸಾಕಿಯಲ್ಲಿ ನಿಹೊನ್ ಹಿಡಾಂಕ್ಯೊ ಎಂಬ ಸಂಘ ಕಟ್ಟಿದರು. ಮರುವರ್ಷವೇ ಚಿಕಿತ್ಸೆಯ ಕಾನೂನು ಬಂತು. 2024ರಲ್ಲಿ ಆ ಸಂಘಕ್ಕೆ ನೊಬೆಲ್ ಶಾಂತಿ ಬಹುಮಾನ ಸಂದಿತು. ಸಂಘದ ಬಲವೇನೆಂದು ಗಿರಣಿಯಲ್ಲಿ ದುಡಿದವರಿಗೆ ಹೇಳಿಕೊಡಬೇಕಾಗಿಲ್ಲ. 2025ರ ಮಾರ್ಚ್ ವೇಳೆಗೆ ಹಿಬಾಕುಶಾಗಳ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿದಿದೆ. ಆಗ ಅವರ ಸರಾಸರಿ ವಯಸ್ಸು 86 ಆಗಿತ್ತು. ಅವರು ಹೇಳಿದ್ದನ್ನು ಇನ್ನು ಮುಂದೆ ನಾವು ಹೇಳಬೇಕು.

ಇದು ದೂರದ ಊರಿನ ಸುದ್ದಿಯೆಂದು ತಿಳಿಯಬೇಡಿ. 1974ರ ಪೋಖ್ರಾನ್ ಸ್ಫೋಟದ ಮುಂದಾಳು ರಾಜಾ ರಾಮಣ್ಣನವರು ಹುಟ್ಟಿದ್ದು ತುಮಕೂರು ಜಿಲ್ಲೆಯಲ್ಲಿ. ನಮ್ಮ ಜಗಳೂರಿನಾಚೆ, ಚಳ್ಳಕೆರೆ ತಾಲ್ಲೂಕಿನಲ್ಲಿ ಕುರಿ ಮೇಯಿಸಿ ಕಂಬಳಿ ನೇಯುವ ಜನ ನಂಬಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯನ್ನು ರಕ್ಷಣಾ, ಅಣುಶಕ್ತಿ ಮೊದಲಾದ ಸಂಸ್ಥೆಗಳಿಗೆ ಕೊಟ್ಟರು. ಅಲ್ಲಿನ ಉಳ್ಳಾರ್ತಿ ಕಾವಲಿನಲ್ಲಿ ಯುರೇನಿಯಂ ಸಾಂದ್ರಗೊಳಿಸುವ ಘಟಕದ ಯೋಜನೆ ಬಂತು. ಆ ಕೆಲಸದಿಂದ ವಿದ್ಯುತ್ತಿಗೆ ಇಂಧನವೂ ಸಿಗುತ್ತದೆ, ಬಾಂಬಿಗೆ ಮದ್ದೂ ಸಿಗುತ್ತದೆ. ಅದನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಳಪಡಿಸುವುದಿಲ್ಲವೆಂದು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷರು 2011ರಲ್ಲಿಯೇ ಹೇಳಿದರು.

ವೈರಿಯ ಬಳಿ ಇರುವಾಗ ನಮಗೆ ಬೇಡವೇ ಎಂದು ಕೇಳುವವರಿದ್ದಾರೆ. ದಾವಣಗೆರೆಯ ಮೇಲೆ ಬಾಂಬು ಬಿದ್ದರೆ, ಲಾಹೋರಿನ ಮೇಲೆ ನಾವು ಹಾಕುವ ಬಾಂಬು ನಮ್ಮ ಒಂದು ಮಗುವನ್ನೂ ಬದುಕಿಸಿ ಕೊಡದು. ಅಲ್ಲಿಯೂ ಸಾಯುವವನು ಮಗ್ಗದವನೇ, ಅಂಗಡಿಯವನೇ.

1951ರಲ್ಲಿ ಕಾಗೋಡಿನ ಗೇಣಿದಾರರ ಪರ ನಿಂತು ಸೆರೆಯಾದ ಡಾ. ರಾಮಮನೋಹರ ಲೋಹಿಯಾ ಅವರು, ಇಪ್ಪತ್ತನೆಯ ಶತಮಾನ ಹೊಸದಾಗಿ ಕೊಟ್ಟದ್ದು ಎರಡನ್ನೇ, ಅಣುಬಾಂಬು ಮತ್ತು ಗಾಂಧಿ ಎಂದರು. ನಾವು ಆರಿಸಬೇಕಾದುದು ಯಾವುದನ್ನು?

ಅಣ್ವಸ್ತ್ರ ನಿಷೇಧದ ಒಪ್ಪಂದ 2021ರಲ್ಲಿ ಜಾರಿಗೆ ಬಂತು. ಭಾರತ ಅದಕ್ಕೆ ಸಹಿ ಹಾಕಿಲ್ಲ. ಸಹಿ ಹಾಕಲಿ, ಚಳ್ಳಕೆರೆಯ ಲೆಕ್ಕವನ್ನು ಜನರ ಮುಂದಿಡಲಿ, ಕಾವಲು ಕಳೆದುಕೊಂಡವರಿಗೆ ನ್ಯಾಯ ಕೊಡಲಿ. ಈ ಮೂರು ಮಾತನ್ನು ನಿಮ್ಮ ನಿಮ್ಮ ಸಂಘಗಳಲ್ಲಿ ಠರಾವು ಮಾಡಿ ಕಳುಹಿಸಿರೆಂದು ಕೇಳಿಕೊಳ್ಳುತ್ತೇನೆ.